ವಿಡಿಯೊ ಕಾಲಿಂಗ್ ಬೆಲ್ ಹಾಕಿಸುವ ಮೊದಲು ಹಳೆಯ ಬೆಲ್ಲಿನ ತಂತಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ಅಳೆಸಿ

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ, ಸುಂಟಿಕೊಪ್ಪದ ಸಮೀಪವಿರುವ ನಮ್ಮ ತೋಟದ ಮನೆಯಲ್ಲಿ, ಹಾಲು ತರಲೆಂದು ಹೊರಟ ನನ್ನ ತಾಯಿ ಕಬ್ಬಿಣದ ಗೇಟಿನ ಚಿಲಕಕ್ಕೆ ಕೈಯಿಟ್ಟ ಕೂಡಲೇ ಮೊಣಕೈವರೆಗೂ ಜುಮ್ಮೆಂದು ಕೈ ಎಳೆದುಕೊಂಡರು. ಅವರಿಗೆ 71 ವರ್ಷ. ರಾತ್ರಿಯಿಡೀ ಸುರಿದ ಮಳೆಗೆ ಅಂಗಳ, ಗೇಟು, ಗೇಟಿನ ಕಂಬ ಎಲ್ಲವೂ ತೊಯ್ದಿದ್ದವು. ಕಾಲಿನಲ್ಲಿ ರಬ್ಬರ್ ಚಪ್ಪಲಿ ಇದ್ದುದರಿಂದ ಅಷ್ಟಕ್ಕೇ ಮುಗಿಯಿತು. ಆ ಗೇಟಿಗೆ ಕರೆಂಟು ಬಂದದ್ದು ಅವರ ಸುರಕ್ಷತೆಗೆಂದೇ ನಾವು ಹಣ ಕೊಟ್ಟು ಹಾಕಿಸಿದ್ದ ವಿಡಿಯೊ ಕಾಲಿಂಗ್ ಬೆಲ್ಲಿನ ತಂತಿಯಿಂದ. ಕೊಡಗಿನಲ್ಲಿ ವಯಸ್ಸಾದ ತಂದೆ ತಾಯಿಯರನ್ನು ತೋಟದಲ್ಲಿ ಬಿಟ್ಟು ಹೊರ ಊರಿನಲ್ಲಿ ದುಡಿಯುತ್ತಿರುವ ನನ್ನಂಥವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಅನೇಕರು ಈಗ ಇಂಥದ್ದೇ ಬೆಲ್ ಕೊಳ್ಳುವ ಯೋಚನೆಯಲ್ಲಿರುವುದನ್ನು ಬಲ್ಲೆನಾದ್ದರಿಂದ, ನಮ್ಮ ಮನೆಯಲ್ಲಿ ಆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ತಂದೆ ನಿವೃತ್ತ ಶಿಕ್ಷಕರು. ನಾನು ಮೈಸೂರಿನಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿದ್ದಾನೆ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡಗಳು ಕುಸಿದಾಗ ಮನೆಗೆ ಫೋನ್ ಸಿಗದೆ ಕಳೆದ ರಾತ್ರಿಗಳನ್ನು ನಾವಿಬ್ಬರೂ ಮರೆತಿಲ್ಲ. ಕಾಫಿ ಕುಯ್ಲು ಮುಗಿದು ಕರಿಮೆಣಸು ಒಣಗುವ ಹೊತ್ತಿಗೆ ಮನೆಯ ಮುಂದೆ ಗುರುತಿಲ್ಲದವರ ಓಡಾಟವೂ ಹೆಚ್ಚುತ್ತದೆ. ಯಾರು ಬಂದರೆಂದು ಬಾಗಿಲು ತೆಗೆಯದೆ ನೋಡುವಂತಾಗಲಿ, ನಾವೂ ಇಲ್ಲಿಂದಲೇ ಮಾತನಾಡುವಂತಾಗಲಿ ಎಂಬುದಷ್ಟೇ ನಮ್ಮ ಆಸೆಯಾಗಿತ್ತು. ಮೇ ತಿಂಗಳ ಮೊದಲ ವಾರದಲ್ಲಿ, ಮಳೆಗಾಲಕ್ಕೆ ಮುಂಚೆ ಆಗಿಬಿಡಲಿ ಎಂದು, 14,000 ರೂಪಾಯಿ ಕೊಟ್ಟು ತಂತಿಯಿಂದ ನಡೆಯುವ ಬೆಲ್ಲೊಂದನ್ನು ತರಿಸಿದೆವು. ಅಳವಡಿಸಿಕೊಡುವ ಹೊಣೆಯೂ ಮಾರಿದವರದ್ದೇ ಎಂದು ಹೇಳಿದ್ದರು.

ಬೆಲ್ಲಿನ ಜೊತೆಗೆ ಬಂದ ಕೈಪಿಡಿಯಲ್ಲಿ ಚಿತ್ರ ಸಹಿತ ಹೀಗಿತ್ತು: ಹಳೆಯ ಬೆಲ್ಲಿನ ಗುಂಡಿಯನ್ನು ಬಿಚ್ಚಿ, ಅದರ ಹಿಂದಿನ ಎರಡು ತಂತಿಗಳನ್ನು ಹೊಸ ಬೆಲ್ಲಿನ ಎರಡು ಸ್ಕ್ರೂಗಳಿಗೆ ಸುತ್ತಿ ಬಿಗಿಯಿರಿ. ಈ ಸಲಹೆ ಅಮೆರಿಕದ ಮನೆಗಳಿಗೆ ಸರಿಯಾದದ್ದು, ನಮ್ಮ ಮನೆಗಳಿಗೆ ಅಪಾಯಕಾರಿಯಾದದ್ದು. ಅಲ್ಲಿ ಮನೆಯ ಕರೆಂಟು 120 ವೋಲ್ಟ್ ಆಗಿದ್ದರೂ ಬಾಗಿಲ ಬೆಲ್ಲಿಗೆ ವೋಲ್ಟೇಜ್ ಇಳಿಸುವ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಇದ್ದು, ಗುಂಡಿಯವರೆಗೆ ಬರುವುದು ಸಾಮಾನ್ಯವಾಗಿ 16 ವೋಲ್ಟ್ ಮಾತ್ರ. ನಮ್ಮಲ್ಲಿ ಗೋಡೆಯ ಮೇಲಿನ ಡಿಂಗ್ ಡಾಂಗ್ ಬೆಲ್ ನೇರವಾಗಿ 230 ವೋಲ್ಟಿನಲ್ಲಿ ನಡೆಯುತ್ತದೆ. ಬಾಗಿಲ ಪಕ್ಕದ ಗುಂಡಿಯೆಂದರೆ ಫ್ಯಾನಿನ ಸ್ವಿಚ್ಚಿನ ಹಾಗೆಯೇ ಪೂರ್ಣ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್. ನಾವು ತರಿಸಿದ ಬೆಲ್ಲಿಗೆ ಬೇಕಾದದ್ದು 16ರಿಂದ 24 ವೋಲ್ಟ್ ಎಸಿ ಎಂದು ಅದರ ಬೆನ್ನಿನ ಮೇಲೆಯೇ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು.

ಅಳವಡಿಸಲು ಬಂದ ಹುಡುಗ ಅದನ್ನು ಓದಲಿಲ್ಲ. ಅವನ ಚೀಲದಲ್ಲಿ ಡ್ರಿಲ್ಲಿಂಗ್ ಮಷಿನ್, ಸ್ಕ್ರೂಗಳು, ಒಂದು ಟೆಸ್ಟರ್ ಇದ್ದವು, ಎಷ್ಟು ವೋಲ್ಟ್ ಇದೆಯೆಂದು ಅಳೆಯುವ ಮಲ್ಟಿಮೀಟರ್ ಇರಲಿಲ್ಲ. ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಬೆಲ್ಲಿನ ಸ್ವಿಚ್ ಆಫ್ ಮಾಡಿ ಗುಂಡಿಯನ್ನು ಬಿಚ್ಚಿದಾಗ ಟೆಸ್ಟರ್ ಒಂದು ತಂತಿಯಲ್ಲಿ ಇನ್ನೂ ಉರಿಯುತ್ತಿತ್ತು. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿದ್ದರಿಂದ ಹಾಗಾಗುತ್ತಿತ್ತೆಂದು ಆಮೇಲೆ ತಿಳಿಯಿತು. "ಏನೂ ಆಗಲ್ಲ ಮೇಡಂ, ಎಲ್ಲ ಮನೆಯಲ್ಲೂ ಹೀಗೇ ಕೊಡೋದು" ಎಂದು ಹೇಳಿ ಅವನು ಎರಡು ತಂತಿಗಳನ್ನು ಹೊಸ ಬೆಲ್ಲಿಗೆ ಬಿಗಿದ. ಸ್ವಿಚ್ ಹಾಕಿದ ಕೂಡಲೇ ಒಳಗಿನ ಹಳೆಯ ಬೆಲ್ ಗುಂಯ್‌ಗುಡತೊಡಗಿತು. ನಾವು ಒಬ್ಬರ ಮುಖವನ್ನೊಬ್ಬರು ನೋಡುವಷ್ಟರಲ್ಲಿ ಹೊಸ ಬೆಲ್ಲಿನ ಹಿಂದೆ ಠಪ್ಪೆಂದು ಸದ್ದಾಗಿ ಸುಟ್ಟ ವಾಸನೆ ಪಡಸಾಲೆಯನ್ನೆಲ್ಲ ತುಂಬಿತು. ಹದಿನಾಲ್ಕು ಸಾವಿರದ ವಸ್ತು ಒಮ್ಮೆಯೂ ಬೆಳಗದೆ ಹಾಳಾಯಿತು.

ವಾರಂಟಿ ಕೇಳಿದಾಗ, ನಿಗದಿಗಿಂತ ಹೆಚ್ಚಿನ ವೋಲ್ಟೇಜ್ ಕೊಟ್ಟು ಕೆಟ್ಟ ಉಪಕರಣಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದರು. ತಂತಿ ಕೊಟ್ಟವನು ಅವರ ಕಡೆಯಿಂದ ಬಂದವನೇ ಅಲ್ಲವೇ ಎಂದರೆ, ಅಳವಡಿಸುವವರು ಬೇರೆ ಗುತ್ತಿಗೆದಾರರು, ಅದಕ್ಕೂ ನಮಗೂ ಸಂಬಂಧವಿಲ್ಲ ಎಂಬ ಉತ್ತರ ಬಂತು. ಆದ್ದರಿಂದ ಕೊಳ್ಳುವ ಮೊದಲೇ, ಅಳವಡಿಸುವಾಗ ಕೆಟ್ಟರೆ ಯಾರು ಹೊಣೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಬೇಕೆಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ; ಬಾಯಿಮಾತಿನ ಭರವಸೆ ನಮಗೆ ಕವಡೆಯಷ್ಟೂ ಉಪಯೋಗಕ್ಕೆ ಬರಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ನಷ್ಟ ಹಣದ್ದು ಮಾತ್ರ ಆಗಿರುತ್ತಿತ್ತು. ಎರಡನೆಯ ಬೆಲ್ ತರಿಸಿದೆವು, ಮತ್ತು ಈ ಬಾರಿ ಬಾಗಿಲಿಗಿಂತ ಗೇಟಿನಲ್ಲೇ ಇದ್ದರೆ ಒಳ್ಳೆಯದೆಂದು ಎಲ್ಲರೂ ಒಪ್ಪಿದೆವು. ಮನೆಯಿಂದ ಗೇಟಿಗೆ ಸುಮಾರು 30 ಮೀಟರ್. ಟ್ರಾನ್ಸ್‌ಫಾರ್ಮರ್ ಬೇಕೆಂಬುದು ಈಗ ಆ ಹುಡುಗನಿಗೂ ಗೊತ್ತಾಗಿತ್ತು. ಆದರೆ ಅವನು ಅದನ್ನು ಮನೆಯೊಳಗೆ ಇಡುವ ಬದಲು ಗೇಟಿನ ಕಂಬಕ್ಕೆ ಹೊಡೆದ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಟ್ಟ. ಇದರ ಅರ್ಥವನ್ನು ಯೋಚಿಸಿ ನೋಡಿ: ಗೇಟಿನಲ್ಲಿ ಬೇಕಾದದ್ದು ಇಪ್ಪತ್ತು ವೋಲ್ಟಿನೊಳಗಿನ, ಒದ್ದೆ ಕೈಯಿಂದ ಮುಟ್ಟಿದರೂ ಜೀವಕ್ಕೆ ಅಪಾಯವಿಲ್ಲದಂಥ ಕರೆಂಟು, ಅವನು ಮನೆಯಿಂದ ಗೇಟಿನವರೆಗೆ ಅಂಗಳದುದ್ದಕ್ಕೂ ಎಳೆದದ್ದು 230 ವೋಲ್ಟ್. ಆ ತಂತಿಗೆ ಪೈಪ್ ಇರಲಿಲ್ಲ. ನಡುವೆ ಒಂದು ಕಡೆ ತಂತಿ ಸಾಲದೆ ಗಂಟು ಹಾಕಿ ಇನ್ಸುಲೇಷನ್ ಟೇಪ್ ಸುತ್ತಿದ್ದ. ಮೇ ತಿಂಗಳ ಬಿಸಿಲಿನಲ್ಲಿ ಇವೆಲ್ಲವೂ ಚೆನ್ನಾಗಿಯೇ ಕಂಡವು.

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ನೇರವಾಗಿ ಬೀಳುವುದಿಲ್ಲ. ಗಾಳಿಯೊಡನೆ ಅಡ್ಡಡ್ಡ ಹೊಡೆಯುತ್ತದೆ, ಕಕ್ಕಡ (ಆಷಾಢದ ಹೊತ್ತಿನ ಕೊಡವ ತಿಂಗಳು) ಬಂದಾಗಲಂತೂ ದಿನಗಟ್ಟಲೆ ಬಿಡುವು ಕೊಡುವುದಿಲ್ಲ. ಟೇಪಿನ ಅಂಟು ಬಿಟ್ಟು ಗಂಟಿನೊಳಗೆ ನೀರು ಸೇರಿತು, ಪೆಟ್ಟಿಗೆಯೊಳಕ್ಕೂ ತಂತಿಯ ಗುಂಟ ನೀರು ಇಳಿಯಿತು, ಅಲ್ಲಿಂದ ಒದ್ದೆ ಕಂಬಕ್ಕೆ, ಕಂಬದಿಂದ ಗೇಟಿಗೆ ಕರೆಂಟು ಸೋರತೊಡಗಿತು. ಫ್ಯೂಸ್ ಏಕೆ ಹೋಗಲಿಲ್ಲ ಎಂದು ತಂದೆ ಕೇಳಿದ ಪ್ರಶ್ನೆ ಬಹಳ ಮುಖ್ಯವಾದದ್ದು. ಹೀಗೆ ಸೋರುವ ಕರೆಂಟು ಮನುಷ್ಯನನ್ನು ಕೊಲ್ಲಲು ಸಾಕಾದರೂ ಫ್ಯೂಸನ್ನು ಸುಡಲು ಸಾಲುವುದಿಲ್ಲ. 5 ಆಂಪಿಯರ್ ಫ್ಯೂಸ್ ಎಂದರೆ 5000 ಮಿಲಿಆಂಪಿಯರ್. ಎದೆಯ ಮೂಲಕ ಹಾದರೆ ಅದರ ನೂರರಲ್ಲೊಂದು ಪಾಲೂ ಪ್ರಾಣಾಪಾಯ ತರಬಲ್ಲದು. ಇಂಥ ಸೋರಿಕೆಯನ್ನು ಹಿಡಿಯುವುದು ತಾನಾಗಿಯೇ ಆಫ್ ಆಗುವ ಒಂದು ರಕ್ಷಣಾ ಸ್ವಿಚ್, ಆರ್‌ಸಿಸಿಬಿ. 30 ಮಿಲಿಆಂಪಿಯರ್ ಸೋರಿಕೆಯಾಗುವಷ್ಟರಲ್ಲಿ ಅದು ಲೈನನ್ನೇ ಕಡಿದುಹಾಕುತ್ತದೆ. ಹಳೆಯ ಹಂಚಿನ ಮನೆಯಾದ ನಮ್ಮಲ್ಲಿ ಅದು ಇರಲಿಲ್ಲ. ನಿಮ್ಮ ಮನೆಯಲ್ಲೂ ಇಲ್ಲದಿದ್ದರೆ, ದಯವಿಟ್ಟು ಬೆಲ್ಲಿನ ವಿಚಾರ ಬದಿಗಿಟ್ಟು ಮೊದಲು ಅದನ್ನು ಹಾಕಿಸಿ.

ತಾಯಿಗೆ ಶಾಕ್ ಹೊಡೆದ ದಿನ ತಂದೆ ಮೇನ್ ಸ್ವಿಚ್ ಆಫ್ ಮಾಡಿ, ನಮ್ಮ ಕಡೆಯ ತೋಟಗಳ ಮೋಟಾರ್ ಕೆಲಸವನ್ನೆಲ್ಲ ನೋಡಿಕೊಳ್ಳುವ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ಅವರು ಹಿಂದೆ ತಂದೆಯ ಶಾಲೆಯಲ್ಲೇ ಓದಿದವರು. ಗೇಟಿನ ಪೆಟ್ಟಿಗೆಯನ್ನು ಬಿಚ್ಚಿದೊಡನೆ ಅದರಿಂದ ನೀರು ಸುರಿಯಿತು. "ಮೇಷ್ಟ್ರೇ, ಇದನ್ನ ಮೊದಲೇ ನನಗೊಂದು ಮಾತು ಹೇಳಬಾರದಿತ್ತಾ" ಎಂದು ಅವರು ನೊಂದುಕೊಂಡದ್ದನ್ನು ತಂದೆ ಫೋನಿನಲ್ಲಿ ಹೇಳುವಾಗ ಅವರ ದನಿಯೂ ಸಣ್ಣದಾಯಿತು.

ಅವರು ಮಾಡಿದ ಕೆಲಸವನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮಗೆ ಮೊದಲೇ ಬೇಕಾಗಿದ್ದದ್ದು ಇದೇ. ಟ್ರಾನ್ಸ್‌ಫಾರ್ಮರನ್ನು ಮನೆಯೊಳಗೆ ಮೀಟರ್ ಬೋರ್ಡಿನ ಪಕ್ಕ ತಂದು, ಅದಕ್ಕೆ ಬೇರೆಯೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಕೊಟ್ಟು, ಇಡೀ ಮನೆಗೆ ಆರ್‌ಸಿಸಿಬಿ ಹಾಕಿ, ನೆಲದಲ್ಲಿ ತೋಡುವ ಅರ್ತಿಂಗ್ ಕುಳಿಯನ್ನು ಹೊಸದಾಗಿ ಮಾಡಿಸಿದರು. ಹುಡುಗ ಇಟ್ಟಿದ್ದ ಟ್ರಾನ್ಸ್‌ಫಾರ್ಮರ್ 12 ವೋಲ್ಟಿನದ್ದು, ಅದೂ ತೀರ ಚಿಕ್ಕದು. ಹಗಲೆಲ್ಲ ಸರಿಯಾಗಿದ್ದ ಬೆಲ್ ಸಂಜೆ ಏಳು ಗಂಟೆಯಾದೊಡನೆ ಆರಿಹೋಗಿ ಮತ್ತೆ ಮತ್ತೆ ಹೊಸದಾಗಿ ಶುರುವಾಗುತ್ತಿದ್ದುದನ್ನು ನಾವು ವೈಫೈ ದೋಷವೆಂದೇ ತಿಳಿದಿದ್ದೆವು. ನಿಜವಾದ ಕಾರಣವೆಂದರೆ, ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಹೆಚ್ಚು ಕರೆಂಟು ಎಳೆಯುವುದರಿಂದ ಆ ಟ್ರಾನ್ಸ್‌ಫಾರ್ಮರ್ ಕುಸಿಯುತ್ತಿತ್ತು. ಈಗ ಇರುವುದು 18 ವೋಲ್ಟ್, 30 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು. 24 ವೋಲ್ಟಿನದ್ದೇ ಇರಲಿ ಎಂದು ತಮ್ಮ ಹೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಮನೆಯ ವೋಲ್ಟೇಜ್ ಏರಿದರೆ ಟ್ರಾನ್ಸ್‌ಫಾರ್ಮರ್ ಹೊರಕೊಡುವ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರುತ್ತದೆ. 230 ಇರಬೇಕಾದದ್ದು 260 ಆದರೆ 24 ವೋಲ್ಟ್ 27ನ್ನು ಮುಟ್ಟಿ ಬೆಲ್ಲಿನ ಮಿತಿಯನ್ನು ದಾಟುತ್ತದೆ, 18 ವೋಲ್ಟ್ ಮಾತ್ರ 20ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ವೋಲ್ಟೇಜ್ ಏರಿಳಿತದ ನಮ್ಮೂರಿಗೆ ಈ ಲೆಕ್ಕ ಬಹಳ ಬೇಕಾದದ್ದು.

ಗೇಟಿನವರೆಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಪೈಪಿನೊಳಗೆ, ನಡುವೆ ಎಲ್ಲಿಯೂ ಗಂಟಿಲ್ಲದಂತೆ ಎಳೆದರು. ಬೆಲ್ಲಿಗೆಂದು ಮಾರುವ 0.5 ಚದರ ಮಿಲಿಮೀಟರಿನ ಸಣ್ಣ ತಂತಿಯಾಗಿದ್ದರೆ, 30 ಮೀಟರ್ ಹೋಗಿ ಬರುವುದರಲ್ಲಿ ಎರಡು ಓಮ್‌ಗೂ ಹೆಚ್ಚು ರೋಧ ಸೇರಿಕೊಂಡು ಒಂದು ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಬೆಲ್ಲಿನೊಳಕ್ಕೆ ಹೋಗುವ ಮೊದಲು ತಂತಿಯನ್ನು ಕೆಳಮುಖವಾಗಿ ಬಾಗಿಸಿ ಬಿಟ್ಟಿದ್ದಾರೆ. ತಂತಿಯ ಗುಂಟ ಹರಿದುಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಬೆಲ್ಲಿನ ಪೆಟ್ಟಿಗೆಯ ಮೇಲೆ ಐಪಿ65 ಎಂದು (ದೂಳು, ನೀರು ಒಳಹೋಗದಂತೆ ತಡೆಯುವ ಮಟ್ಟದ ಗುರುತು) ಬರೆದಿದ್ದರೆ ನೀರಿನ ಭಯವಿಲ್ಲವೆಂದು ನಾವು ನಂಬಿದ್ದೆವು. ಆ ಅಂಕಿ ಬೆಲ್ಲಿನ ಮೈಗೆ ಸಂಬಂಧಿಸಿದ್ದು, ಅದರ ಬೆನ್ನ ಹಿಂದೆ ಗೋಡೆಯಲ್ಲಿ ಕೊರೆದ ತೂತಿಗೆ ಅನ್ವಯಿಸುವುದಿಲ್ಲ. ಆ ತೂತನ್ನು ಸಿಲಿಕೋನ್ ಹಾಕಿ ಮುಚ್ಚಿಸಬೇಕು, ಮೇಲೊಂದು ಸಣ್ಣ ತಗಡಿನ ಮಾಡನ್ನೂ ಕೊಡಿಸಬೇಕು.

ಬ್ಯಾಟರಿಯ ಬೆಲ್ ಕೊಂಡರೆ ಈ ತಂತಿಯ ರಗಳೆಯೇ ಇಲ್ಲವಲ್ಲ ಎಂದು ಕೆಲವರು ಹೇಳುತ್ತಾರೆ. ವಿದ್ಯುತ್ತಿನ ಅಪಾಯ ಇಲ್ಲದಿರುವುದು ನಿಜ. ಆದರೆ ಗಾಳಿಗೆ ಅಲುಗುವ ಗಿಡ, ಅಂಗಳದಲ್ಲಿ ಓಡಾಡುವ ನಾಯಿ, ದೂರದ ರೌಟರಿನ ಕ್ಷೀಣ ಸಿಗ್ನಲ್ ಇವೆಲ್ಲವೂ ಬ್ಯಾಟರಿಯನ್ನು ಬೇಗ ತಿನ್ನುತ್ತವೆ, ವಯಸ್ಸಾದವರು ಪದೇ ಪದೇ ಬಿಚ್ಚಿ ಚಾರ್ಜ್ ಮಾಡಬೇಕಾಗುತ್ತದೆ. ಮಳೆಗಾಲದಲ್ಲಿ ಸೋಲಾರ್ ಫಲಕದಿಂದಲೂ ಹೆಚ್ಚಿನ ಪ್ರಯೋಜನ ಕಾಣದು.

ವೈಫೈ ಬಗ್ಗೆಯೂ ಒಂದು ಮಾತು. ಇಂಥ ಬೆಲ್‌ಗಳಲ್ಲಿ ಹಲವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ, ನಮ್ಮದೂ ಹಾಗೆಯೇ. ಒಂದೂವರೆ ಅಡಿ ದಪ್ಪದ ಹಳೆಯ ಗೋಡೆಗಳನ್ನು ದಾಟಿ ಗೇಟಿಗೆ ಸಿಗ್ನಲ್ ತಲುಪದಿದ್ದುದರಿಂದ ರೌಟರನ್ನು ಒಳಕೋಣೆಯಿಂದ ಮುಂದಿನ ಕಿಟಕಿಯ ಬಳಿಗೆ ತರಬೇಕಾಯಿತು. ಮರ ಬಿದ್ದು ಕರೆಂಟು ಹೋದರೆ ರೌಟರೂ ಆರುವುದರಿಂದ, ಬೆಲ್ಲಿನ ಟ್ರಾನ್ಸ್‌ಫಾರ್ಮರ್ ಮತ್ತು ರೌಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿಸಿದ್ದೇವೆ. ಇನ್ವರ್ಟರ್ ಸೈನ್ ವೇವ್ ಮಾದರಿಯದ್ದಾಗಿರಬೇಕು; ಸ್ಕ್ವೇರ್ ವೇವ್ ಆದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಅಳವಡಿಸಲು ಯಾರನ್ನೇ ಕರೆದರೂ, ಗುಂಡಿಯನ್ನು ಬಿಚ್ಚುವ ಮೊದಲು ಮೇನ್ ಆಫ್ ಮಾಡಿಸಿ, ಬಿಚ್ಚಿದ ಮೇಲೆ ತಂತಿಯನ್ನು ಯಾರೂ ಮುಟ್ಟದಂತೆ ಬಿಟ್ಟು ಮೇನ್ ಹಾಕಿ ಮಲ್ಟಿಮೀಟರಿನಲ್ಲಿ ಅಳೆದು ತೋರಿಸಲು, ಅಳೆದಾದ ಮೇಲೆ ಮತ್ತೆ ಆಫ್ ಮಾಡಲು ಹೇಳಿ. ಮಲ್ಟಿಮೀಟರ್ ತಂದಿಲ್ಲ ಎಂದರೆ ಮರ್ಯಾದೆಯಿಂದಲೇ ವಾಪಸು ಕಳುಹಿಸಿ. ಟ್ರಾನ್ಸ್‌ಫಾರ್ಮರ್ ಎಲ್ಲಿಡುತ್ತೀರಿ ಎಂದು ಕೇಳಿ. ಮನೆಯ ಹೊರಗೆ ಎಂಬ ಉತ್ತರ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ.

ಮಾರಿದವರ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. ಅಳವಡಿಕೆಗೆಂದು ಪಡೆದಿದ್ದ ಹಣವನ್ನು ಮರಳಿಸಿದ್ದಾರೆ, ಸುಟ್ಟ ಬೆಲ್ಲಿನ ಹಣವನ್ನು ಇನ್ನೂ ಕೊಟ್ಟಿಲ್ಲ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲದಿರುವುದರಿಂದ ಅಲ್ಲಿಗೂ ಹೋಗಲು ನಿರ್ಧರಿಸಿ, ಸುಟ್ಟ ಬೆಲ್ಲನ್ನೂ ಬಿಲ್ಲನ್ನೂ ಗೇಟಿನ ಪೆಟ್ಟಿಗೆಯ ಫೋಟೊಗಳನ್ನೂ ಜೋಪಾನವಾಗಿ ತೆಗೆದಿರಿಸಿದ್ದೇವೆ. ತಾಯಿ ಈಗಲೂ ಗೇಟು ತೆರೆಯುವಾಗ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡೇ ಚಿಲಕ ಸರಿಸುತ್ತಾರೆ.