ಹೊರದೇಶಕ್ಕೆ ಇಂಗ್ಲಿಷ್ ಕಲಿಸಲು ಹೊರಟ ಮಾಸ್ಟ್ರು, ಟೀಚರ್‌ಗಳಿಗೆ: ಎಡವುವುದು ಊರಲ್ಲೇ

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಎಂ.ಎ. ಇಂಗ್ಲಿಷ್, ಬಿ.ಎಡ್. ಮುಗಿಸಿ ದಿನವೇತನಕ್ಕೆ ಪಾಠ ಮಾಡುತ್ತಿರುವವರ ವಾಟ್ಸಾಪ್‌ಗೆ ಬರುವ ಜಾಹೀರಾತಿನ ಧಾಟಿ ಹೆಚ್ಚುಕಡಿಮೆ ಒಂದೇ: ಥಾಯ್ಲೆಂಡ್ ಅಥವಾ ವಿಯೆಟ್ನಾಂ, ಇಂಗ್ಲಿಷ್ ಟೀಚರ್, ವಸತಿ ಉಚಿತ, ಹತ್ತು ದಿನದಲ್ಲಿ ವೀಸಾ. ಹತ್ತು ದಿನದ ವೀಸಾ ಎಂದರೆ ಟೂರಿಸ್ಟ್ ವೀಸಾ ಎಂದೇ ತಿಳಿಯಿರಿ.

ಥಾಯ್ಲೆಂಡಿನಲ್ಲಿ ಪಾಠ ಮಾಡಲು ನಾನ್-ಇಮಿಗ್ರಂಟ್ ಬಿ ವೀಸಾ ಬೇಕು, ಅದರ ಮೇಲೆ ವರ್ಕ್ ಪರ್ಮಿಟ್ ಬೇಕು, ಶಾಲೆಯಾದರೆ ಅಲ್ಲಿನ ಶಿಕ್ಷಕರ ಪರಿಷತ್ತಿನ ಅನುಮತಿಯೂ ಬೇಕು. ಇವಕ್ಕೆ ಕಾಗದ ಒದಗಿಸಬೇಕಾದದ್ದು ಶಾಲೆ, ಏಜೆಂಟ್ ಅಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಂದ ಇಂಗ್ಲಿಷ್ ಪರೀಕ್ಷೆಯಾದ ಟೋಯಿಕ್‌ನಲ್ಲಿ 600 ಅಂಕ ಅಥವಾ ಸಮಾನ ಪರೀಕ್ಷೆಯ ಫಲಿತಾಂಶ ಕೇಳುತ್ತಾರೆ. ಏಜೆಂಟ್ ಅದರ ಸುದ್ದಿಯನ್ನೇ ಎತ್ತಲಿಲ್ಲವೆಂದರೆ ಅನುಮಾನಿಸಿ. ವಿಯೆಟ್ನಾಮಿನ 90 ದಿನಗಳ ಇ-ವೀಸಾದಲ್ಲಿ ಕೆಲಸ ಮಾಡುವ ಹಕ್ಕಿಲ್ಲ. ಹಾಗೆ ಹೋದವರ ಪಾಡು ಏನೆಂದರೆ, ಸಂಬಳ ತಡವಾದರೂ ದೂರು ಕೊಡುವಂತಿಲ್ಲ, ಏಕೆಂದರೆ ಮೊದಲ ತಪ್ಪು ತಮ್ಮದೇ. ಥಾಯ್ಲೆಂಡಿನಲ್ಲಿ ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ, 20,000 ಬಾತ್‌ವರೆಗೆ. ಬ್ಯಾಂಕಾಕಿನಲ್ಲಿ ಇಳಿಸಿ ಮ್ಯಾನ್ಮಾರ್ ಗಡಿಯ ಕಡೆ ಕಾರು ತಿರುಗಿಸಿದರೆ ಅದು ಬೇರೆಯೇ ಕತೆ. ಆ ಗಡಿಯ ಪಟ್ಟಣ ಮ್ಯಾವಾಡಿಯ ಸೈಬರ್ ವಂಚನೆಯ ಕೂಟಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು.

ಇನ್ನು ಸರ್ಟಿಫಿಕೇಟಿನ ವಿಷಯ. ಗಡಿನಾಡಿನವರಿಗೆ ಇಲ್ಲಿ ಇಮ್ಮಡಿ ತಾಪತ್ರಯ ಉಂಟು. ಎಸ್ಸೆಸ್ಸೆಲ್ಸಿ, ಪ್ಲಸ್ ಟು ಕೇರಳದ್ದು. ಡಿಗ್ರಿ ಮಂಗಳೂರು ವಿ.ವಿ.ಯದ್ದು. ಎಚ್.ಆರ್.ಡಿ. ಅಟೆಸ್ಟೇಶನ್ (ಸರ್ಟಿಫಿಕೇಟ್ ಅಸಲಿ ಎಂಬ ರಾಜ್ಯ ಸರಕಾರದ ಮುದ್ರೆ) ಆಗುವುದು ಪತ್ರ ಕೊಟ್ಟ ರಾಜ್ಯದಲ್ಲೇ. ಕಣ್ಣೂರು ವಿ.ವಿ.ಯಲ್ಲಿ ಓದಿದವರಿಗೆ ಕೋಝಿಕ್ಕೋಡಿನಲ್ಲಿರುವ ಕೇರಳ ಸರಕಾರದ ನೋರ್ಕಾ ರೂಟ್ಸ್ ಕೇಂದ್ರ ಸಾಕು. ಮಂಗಳೂರಿನ ಡಿಗ್ರಿಯಾದರೆ ಆ ಮುದ್ರೆಗೆ ಬೆಂಗಳೂರೇ ಗತಿ. ಪ್ರೊವಿಶನಲ್ ಸರ್ಟಿಫಿಕೇಟ್ ಹಿಡಿದು ಹೊರಡಬೇಡಿ, ಘಟಿಕೋತ್ಸವದ ಪದವಿಪತ್ರವನ್ನೇ ಕೇಳುತ್ತಾರೆ. ಈ ಓಡಾಟ ತಪ್ಪಿಸುತ್ತೇನೆಂದು ಏಜೆಂಟರು ದಿಲ್ಲಿಯಲ್ಲಿ ಎಸ್.ಡಿ.ಎಂ. (ಉಪವಿಭಾಗದ ಮ್ಯಾಜಿಸ್ಟ್ರೇಟ್) ಮುದ್ರೆ ಹಾಕಿಸಿ ತರುವುದುಂಟು. ಕೆಲವು ದೇಶಗಳು ಶಿಕ್ಷಣದ ಪತ್ರಗಳಿಗೆ ಅದನ್ನು ಒಪ್ಪುವುದಿಲ್ಲ, ಆಮೇಲೆ ಮೊದಲಿನಿಂದ ಶುರು. ಭಾರತದಲ್ಲಿ ಅಪೊಸ್ಟಿಲ್ (ಅದನ್ನು ಒಪ್ಪುವ ದೇಶಗಳಿಗೆಂದು ವಿದೇಶಾಂಗ ಸಚಿವಾಲಯ ಅಂಟಿಸುವ ದೃಢೀಕರಣದ ಸ್ಟಿಕ್ಕರ್) ಪದ್ಧತಿ 2005ರಿಂದ ಇದೆ, ಪತ್ರವೊಂದಕ್ಕೆ ಸರಕಾರದ ಶುಲ್ಕ 50 ರೂಪಾಯಿ. ಏಜೆಂಟನ ಬಿಲ್ಲಿನಲ್ಲಿ ಅದರ ಪಕ್ಕದಲ್ಲಿರುವ ಸೊನ್ನೆಗಳನ್ನು ಎಣಿಸಿ ನೋಡಿ.

ನಮ್ಮಲ್ಲಿ ಸರ್ಟಿಫಿಕೇಟ್ ಕೈಗೆ ಬಂದ ಮರುದಿನವೇ ಅಪ್ಪ ಅದನ್ನು ಲ್ಯಾಮಿನೇಟ್ ಮಾಡಿಸಿ ತರುತ್ತಾರೆ, ಮಳೆಗಾಲಕ್ಕೆ ಹೆದರಿ. ಮುದ್ರೆ, ಸ್ಟಿಕ್ಕರ್ ಬೀಳುವುದು ಮೂಲಪತ್ರದ ಬೆನ್ನಿಗೆ. ಪ್ಲಾಸ್ಟಿಕ್ ಹೊದಿಸಿದ್ದನ್ನು ಕೌಂಟರಿನಲ್ಲೇ ಹಿಂದೆ ಕೊಡುತ್ತಾರೆ. ಇಸ್ತ್ರಿಪೆಟ್ಟಿಗೆಯ ಬಿಸಿ ಕೊಟ್ಟು ಸುಲಿಯಲು ಹೋದರೆ ರಿಜಿಸ್ಟ್ರಾರರ ಸಹಿಯೂ ಪ್ಲಾಸ್ಟಿಕ್ಕಿನ ಜತೆಗೇ ಎದ್ದು ಬರುತ್ತದೆ. ಅಂಥವರು ಡೂಪ್ಲಿಕೇಟಿಗೆ ಅರ್ಜಿ ಹಾಕುವುದೇ ಸರಿ.

ಹೆಸರೂ ಅಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಮುಂದೆ ಬರೀ ‘ಕೆ.’, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಒಂದರಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಮನೆಯಲ್ಲಿ ಇದು ನಗುವ ವಿಷಯ, ಹೊರದೇಶದ ಕಚೇರಿಯಲ್ಲಿ ಇಬ್ಬರು ವ್ಯಕ್ತಿಗಳು. ಕೇರಳದ ಸರಕಾರಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಜಾಲತಾಣದ ಮೂಲಕ ‘ಒನ್ ಆ್ಯಂಡ್ ದಿ ಸೇಮ್’ (ಎರಡೂ ಹೆಸರು ಒಬ್ಬರದೇ ಎಂಬ) ಸರ್ಟಿಫಿಕೇಟಿಗೆ ಅರ್ಜಿ ಹಾಕಿದರೆ ಅದು ವಿಲೇಜ್ ಆಫೀಸಿಗೆ ಹೋಗುತ್ತದೆ. ಇದನ್ನು ಮೊದಲೇ ಮುಗಿಸಿಟ್ಟುಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಮೊದಲೇ ಮಾಡಿಸಬೇಡಿ, ಆರು ತಿಂಗಳಿಗಿಂತ ಹಳೆಯದಾದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಸೇವಾದಲ್ಲಿ ಅದಕ್ಕೆ 500 ರೂಪಾಯಿ. ವಿಳಾಸ ಕಾಸರಗೋಡಿನದ್ದು, ವಾಸ ಮಂಗಳೂರಿನ ಪಿ.ಜಿ.ಯಲ್ಲಿ ಎಂದಾದರೆ ತಡವಾಗುತ್ತದೆಂದೇ ಲೆಕ್ಕ ಹಾಕಿ.

ಡಿಗ್ರಿ ಆದವರ ಪಾಸ್‌ಪೋರ್ಟ್ ಇ.ಸಿ.ಎನ್.ಆರ್. (ಎಮಿಗ್ರೇಶನ್ ಚೆಕ್ ನಾಟ್ ರಿಕ್ವೈರ್ಡ್) ವರ್ಗದ್ದು. ಎಮಿಗ್ರೇಶನ್ ಕ್ಲಿಯರೆನ್ಸ್ ಬೇಡ ಎಂದು ಖುಷಿಪಡುವ ಮೊದಲು ಇನ್ನೊಂದು ಅರ್ಥವನ್ನೂ ನೋಡಿ: ನಿಮ್ಮ ಕರಾರುಪತ್ರವನ್ನು ಇಲ್ಲಿನ ಯಾವ ಅಧಿಕಾರಿಯೂ ಓದುವುದಿಲ್ಲ, ಓದಬೇಕಾದವರು ನೀವೇ. 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ಏಜೆಂಟನಿಗೆ ಲೈಸೆನ್ಸ್ ಇರಬೇಕು, ಇ-ಮೈಗ್ರೇಟ್ ಜಾಲತಾಣದಲ್ಲಿ ಅದನ್ನು ಹುಡುಕಬಹುದು. ಅವನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿ.ಎಸ್.ಟಿ. ಒಂದೂವರೆ ಲಕ್ಷ ನಗದು ಕೇಳಿ ರಸೀದಿ ಕೊಡದವನ ಹತ್ತಿರ ಚೌಕಾಶಿ ಮಾಡುತ್ತಾ ಕೂರಬೇಡಿ, ಎದ್ದು ಬನ್ನಿ.

ಕರಾರಿನಲ್ಲಿ ಮೊದಲು ನೋಡಬೇಕಾದದ್ದು ತಿಂಗಳುಗಳ ಸಂಖ್ಯೆ. ಥಾಯ್ಲೆಂಡಿನ ಶಾಲಾವರ್ಷ ಮೇ ನಡುವಿನಿಂದ ಮಾರ್ಚ್‌ವರೆಗೆ. ಮಧ್ಯವರ್ತಿ ಸಂಸ್ಥೆಗಳು ಹತ್ತು ತಿಂಗಳ ಕರಾರು ಕೊಟ್ಟು ರಜೆಯಲ್ಲಿ ಸಂಬಳ ನಿಲ್ಲಿಸುತ್ತವೆ. ರೂಮಿನ ಬಾಡಿಗೆಗೆ ರಜೆ ಇಲ್ಲವಲ್ಲ. ತಿಂಗಳಿಗೆ 25,000 ಬಾತ್ ಎಂದದ್ದು ಹನ್ನೆರಡು ತಿಂಗಳಿಗೆ ಹಂಚಿದರೆ 20,833ಕ್ಕೆ ಇಳಿಯುತ್ತದೆ. ಎರಡನೆಯದು ಗಂಟೆಗಳು. ‘ವಾರಕ್ಕೆ 22 ಪೀರಿಯಡ್’ ಎಂದು ಬರೆದಿದ್ದರೆ ಪೀರಿಯಡ್ ಎಷ್ಟು ನಿಮಿಷದ್ದು, ಪಾಠವಿಲ್ಲದ ಹೊತ್ತಿನಲ್ಲಿ ಶಾಲೆಯಲ್ಲೇ ಕೂರಬೇಕೇ, ಬೆಳಗ್ಗೆ ಗೇಟಿನಲ್ಲಿ ನಿಲ್ಲುವ ಡ್ಯೂಟಿ ಉಂಟೇ, ಶನಿವಾರದ ಇಂಗ್ಲಿಷ್ ಕ್ಯಾಂಪಿಗೆ ಬೇರೆ ದುಡ್ಡೇ ಎಂಬುದನ್ನೆಲ್ಲ ಇಮೇಲಿನಲ್ಲೇ ಕೇಳಿ, ಫೋನಿನಲ್ಲಿ ಬೇಡ. ಪಾಸ್‌ಪೋರ್ಟನ್ನು ‘ಆಫೀಸಿನಲ್ಲಿ ಜೋಪಾನವಾಗಿ’ ಇಡುತ್ತೇವೆ ಎನ್ನುವವರಿಗೆ ನಕಲು ಪ್ರತಿ ಕೊಟ್ಟರೆ ಸಾಕು.

ಡೆಮೊ ಕ್ಲಾಸಿನಲ್ಲಿ ಬೀಳುವವರು ವ್ಯಾಕರಣಕ್ಕಲ್ಲ, ಪದದ ಕೊನೆಗೆ ಬೀಳುತ್ತಾರೆ. ನಾವು ಪದದ ಬಾಲಕ್ಕೊಂದು ಉಕಾರ ಅಂಟಿಸುತ್ತೇವೆ: ಬಸ್ಸು, ರೈಸು, ಯೆಗ್ಗು. ಥಾಯ್ ಮಕ್ಕಳ ಬಾಯಲ್ಲಿ ಕೊನೆಯ ‘ಸ್’ ‘ಟ್’ ಆಗಿ ಬಸ್ ‘ಬಟ್’ ಆಗುತ್ತದೆ; ವಿಯೆಟ್ನಾಂ ಮಕ್ಕಳು ಅದನ್ನು ನುಂಗಿಯೇ ಬಿಡುತ್ತಾರೆ. ಅವರ ತಪ್ಪನ್ನು ತಿದ್ದಲು ನಮ್ಮ ತಪ್ಪನ್ನು ಕಲಿಸಿದರೆ ಹಿಂದೆ ಕೂತ ಮೇಲ್ವಿಚಾರಕಿ ಪೆನ್ನು ತೆಗೆಯುತ್ತಾಳೆ. ಪಾಠದ ಕೊನೆಗೆ ‘ಎನಿ ಡೌಟ್ಸ್?’ ಎಂದು ಕೇಳುವ ಅಭ್ಯಾಸವನ್ನು ನಮ್ಮ ಗಡಿಯ ತಲಪಾಡಿಯಲ್ಲೇ ಬಿಟ್ಟು ಹೋಗಿ; ಅಲ್ಲಿ ಅದು ಸಂದೇಹಪಡುವ ಮಾತು, ‘ಕ್ವೆಶ್ಚನ್ಸ್’ ಎನ್ನಬೇಕು. ಹೊರಡುವ ಮೊದಲು ಐದು ನಿಮಿಷದ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಪದಗಳ ಬಾಲವನ್ನಷ್ಟೇ ಗಮನವಿಟ್ಟು ಕೇಳಿ.