ಹುಲ್ಲು ಕೊಯ್ಯೋ ಮಷಿನ್ ತಗೊಳ್ಳೋ ಮುಂಚೆ ಸೈಲೆನ್ಸರ್ ಹತ್ರ ಕೈ ಹಿಡಿದು ನೋಡ್ರಿ

ಹೋದ ವರ್ಷ ಶ್ರಾವಣದಾಗ 9,500 ರೂಪಾಯಿ ಕೊಟ್ಟು ಒಂದು ಪೆಟ್ರೋಲ್ ಬ್ರಷ್ ಕಟರ್ ತಂದೆ. ಈ ವರ್ಷ ಗುಜರಿಯವನಿಗೆ ತೂಕಕ್ಕೆ ಹಾಕಿದೆ, 260 ರೂಪಾಯಿ ಬಂತು. ನಡುವೆ ಅದು ದುಡಿದದ್ದು ಹೆಚ್ಚೆಂದರೆ ಹನ್ನೆರಡು ತಾಸು. ಮಳೆ ಹಿಡಿದಿದೆ, ಮತ್ತೆ ಎಲ್ಲರೂ ಕಸ ಹೊಡೆಯೋ ಮಷಿನ್ ಹುಡುಕುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕೊಪ್ಪಳದ ಹೊರಗೆ, ಕುಷ್ಟಗಿ ರಸ್ತೆ ಕಡೆ. ಸುತ್ತ ಎಂಟು ಗುಂಟೆ ಜಾಗ. ಹತ್ತು ತೆಂಗು, ನಾಲ್ಕು ಪೇರಲ ಬಿಟ್ಟರೆ ಉಳಿದದ್ದೆಲ್ಲ ಬಯಲು. ಎರಡು ಒಳ್ಳೇ ಮಳೆ ಆದರೆ ಸಾಕು, ಕಾಂಗ್ರೆಸ್ ಕಸ ಸೊಂಟಕ್ಕೆ ಬರುತ್ತದೆ. ಕಂಪೌಂಡ್ ಗುಂಟ ಬಳ್ಳಾರಿ ಜಾಲಿ ಸಸಿ ಬೇರೆ. ಆ ದಿನಗಳಲ್ಲಿ ಕೂಲಿಗೆ ಯಾರೂ ಸಿಗುವುದಿಲ್ಲ, ಎಲ್ಲರೂ ಹೊಲದಲ್ಲಿರುತ್ತಾರೆ. ಹಾವಿನ ಹೆದರಿಕೆ ಅಂತೂ ಇದ್ದೇ ಇದೆ.

ಸಂತೆ ದಿನ ರಸ್ತೆ ಬದಿಗೆ ಒಂದು ಗೂಡ್ಸ್ ಗಾಡಿ ನಿಂತಿತ್ತು. ಹಳದಿ ಬಣ್ಣದ ಮಷಿನ್‌ಗಳು ಸಾಲಾಗಿ, ಎಲ್ಲದರ ಮೇಲೂ 52 ಸಿಸಿ ಎಂಬ ಸ್ಟಿಕ್ಕರ್. "ನೋಡ್ರಿ ಸರ, ಒಂದ ಜಗ್ಗಿಗೆ!" ಅಂದ. ನಿಜವಾಗಿಯೂ ಒಂದೇ ಜಗ್ಗಿಗೆ ಬುರ್ರ್ ಅಂತು. ನಾನು ಮರುಳಾದದ್ದು ಅಲ್ಲಿಯೇ. ನನಗಿಂತ ಮುಂಚೆ ಇಬ್ಬರಿಗೆ ಅದೇ ಮಷಿನ್ ಹಚ್ಚಿ ತೋರಿಸಿದ್ದ, ಎಂಜಿನ್ ಕಾದು ಕೂತಿತ್ತು, ಕಾದದ್ದು ಸುಲಭಕ್ಕೆ ಹತ್ತುತ್ತದೆ. ಸೈಲೆನ್ಸರ್ ಹತ್ತಿರ ಕೈ ಹಿಡಿದಿದ್ದರೆ ಗೊತ್ತಾಗುತ್ತಿತ್ತು. ನನಗೆ ಕೊಟ್ಟದ್ದು ಆ ಮಷಿನ್ ಅಲ್ಲ, ಪ್ಯಾಕ್ ಮಾಡಿದ ಡಬ್ಬಿ. ಅದನ್ನು ಅಲ್ಲೇ ಬಿಚ್ಚಿ ಹಚ್ಚಿ ತೋರಿಸಪ್ಪಾ ಅನ್ನುವಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಶುರು ಮಾಡಿದೆ. ಹತ್ತು ಜಗ್ಗಿದೆ, ಇಪ್ಪತ್ತು ಜಗ್ಗಿದೆ. ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮೂವತ್ತಾದ ಮೇಲೆ ಲೆಕ್ಕ ಬಿಟ್ಟೆ. ಅವ್ವ ಕಟ್ಟೆ ಮೇಲೆ ಕುಂತು ನೋಡುತ್ತಿದ್ದವಳು, "ಕುಡಗೋಲು ಹಿಡದು ಕುಂತಿದ್ರ ಇಷ್ಟೊತ್ತಿಗೆ ಅರ್ಧ ಹಿತ್ತಲ ಆಗ್ತಿತ್ತಲ್ಲೋ" ಅಂದಳು. ತಪ್ಪೇನಿಲ್ಲ.

ಈ ಭಾಗದ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿ ಮಾಡುವ ನಮ್ಮ ಮಿಸ್ತ್ರಿ ಪ್ಲಗ್ ಬಿಚ್ಚಿದ, ಪೆಟ್ರೋಲಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. "ಮಾಸ್ತರ, ಚೋಕ್ ಹಾಕಿ ಜಗ್ಗಬೇಕು ಖರೆ, ಆದ್ರ ಮೊದಲ ಸಲ ಕೆಮ್ಮಿದ ಕೂಡಲೇ ಚೋಕ್ ತೆಗೀಬೇಕ್ರಿ. ನೀವು ಹಂಗ ಜಗ್ಗಿ ಜಗ್ಗಿ ಅದಕ್ಕ ಪೆಟ್ರೋಲ್ ಕುಡಿಸೀರಿ." ಪ್ಲಗ್ ಒರೆಸಿ, ಪ್ಲಗ್ ಇಲ್ಲದೆಯೇ ಐದಾರು ಸಲ ಹಗ್ಗ ಜಗ್ಗಿ ಒಳಗಿನ ಪೆಟ್ರೋಲ್ ಹೊರಗೆ ಹಾಕಿ, ಮತ್ತೆ ಪ್ಲಗ್ ಕೂರಿಸಿದ. ಕಾರ್ಬೋರೇಟರ್ ಕೆಳಗಿನ ರಬ್ಬರ್ ಗುಂಡಿ ಏಳೆಂಟು ಸಲ ಒತ್ತಿ ಜಗ್ಗಿದ, ಹತ್ತಿತು. ಗಾಡಿಯವ ಇದ್ಯಾವುದನ್ನೂ ಹೇಳಿರಲಿಲ್ಲ. ಆಯಿಲ್ ಎಷ್ಟು ಬೆರೆಸಬೇಕು ಅಂದದ್ದಕ್ಕೆ "ಲೀಟರಿಗೆ ನೂರು ಎಂಎಲ್ ಹಾಕ್ರಿ, ಎಂಜಿನ್ ಬಾಳಿಕೆ ಬರ್ತದ" ಅಂದಿದ್ದ. ನನ್ನದರಂಥ ಟೂ ಸ್ಟ್ರೋಕ್‌ಗೆ, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸುವ ಎಂಜಿನ್ನಿಗೆ, 25ಕ್ಕೆ 1 ಅಂದರೆ ಲೀಟರಿಗೆ 40 ಎಂಎಲ್, 50ಕ್ಕೆ 1 ಅಂದರೆ 20 ಎಂಎಲ್. ಯಾವುದು ಅಂತ ಮಷಿನ್ ಪುಸ್ತಕದಲ್ಲಿ ಇರುತ್ತದೆ. ನೂರು ಹಾಕಿದರೆ ಹೊಗೆ, ಪ್ಲಗ್ ತುಂಬ ಮಸಿ.

ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ನಿಜವಾದ ಕಾಟ ಆಮೇಲೆ. ಬೆಳಿಗ್ಗೆ ತಣ್ಣಗಿದ್ದಾಗ ನಾಲ್ಕು ಜಗ್ಗಿಗೆ ಹತ್ತುತ್ತಿತ್ತು. ಮುಕ್ಕಾಲು ತಾಸು ಹೊಡೆದು, ಚಹಾ ಕುಡಿಯೋಣ ಅಂತ ಆಫ್ ಮಾಡಿದರೆ ಮುಗೀತು, ಮತ್ತೆ ತಣ್ಣಗಾಗುವವರೆಗೆ ಜಪ್ಪಯ್ಯ ಅಂದರೂ ಹತ್ತುತ್ತಿರಲಿಲ್ಲ. ನಮ್ಮ ಬಿಸಿಲಿನಲ್ಲಿ ಅದು ತಣ್ಣಗಾಗೋದು ಯಾವಾಗ? ಮಿಸ್ತ್ರಿ ಕಾದ ಎಂಜಿನ್ನಿನಿಂದ ಪ್ಲಗ್ ತೆಗೆದು, ಅದಕ್ಕೆ ಕ್ಯಾಪ್ ಹಾಕಿ, ಎಂಜಿನ್ ಮೈಗೆ ತಾಗಿಸಿ ಹಿಡಿದು ಹಗ್ಗ ಜಗ್ಗಿದ. ಕಿಡಿ ಇಲ್ಲ. ನೀರು ಕುಡಿದು, ಎಲೆ ಅಡಿಕೆ ಹಾಕಿ, ಅರ್ಧ ತಾಸು ಬಿಟ್ಟು ಜಗ್ಗಿದ. ನೀಲಿ ಕಿಡಿ ಚಟ್ ಅಂತು. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ಲೇ ಕಾದರೆ ಸತ್ತುಹೋಗುತ್ತಿತ್ತು.

ಹೊಸ ಕಾಯಿಲ್ ತರಿಸಿದರೆ ಬೋಲ್ಟ್ ತೂತು ಕೂಡಲಿಲ್ಲ, ಎರಡು ತೂತಿನ ನಡುವಿನ ಅಂತರವೇ ಬೇರೆ. ಇನ್ನೊಂದು ತರಿಸಿದೆವು, ಅದೂ ಹಾಗೇ. ಆಗ ಅವನಿಗೆ ಸಂಶಯ ಬಂದು ಎಂಜಿನ್ ಬಿಚ್ಚಿ ವರ್ನಿಯರ್ ಇಟ್ಟು ಅಳೆದ. ಸಿಲಿಂಡರ್ ಅಗಲ 40 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡುವುದು 34. ನಾನು ಹತ್ತನೇ ತರಗತಿಗೆ ಸಿಲಿಂಡರ್ ಘನಫಲ ಕಲಿಸುವ ಮಾಸ್ತರ. ಅಲ್ಲೇ ಚಹಾ ಅಂಗಡಿ ಪೇಪರ್ ಮೇಲೆ ಸೆಂಟಿಮೀಟರಿನಲ್ಲಿ ಲೆಕ್ಕ ಮಾಡಿದೆ: 3.14 ಗುಣಿಸು 2 ಗುಣಿಸು 2 ಗುಣಿಸು 3.4, ಬಂದದ್ದು 42.7 ಸಿಸಿ. 52 ಸಿಸಿ ಇದ್ದದ್ದು ಸ್ಟಿಕ್ಕರ್ ಒಳಗೆ ಮಾತ್ರ. ನಾವು ಸ್ಟಿಕ್ಕರ್ ನೋಡಿ 52ರ ಕಾಯಿಲ್ ಹುಡುಕುತ್ತಿದ್ದೆವು. ಮಿಸ್ತ್ರಿ ನಗಲಿಲ್ಲ ಪಾಪ, ಮುಖ ಆ ಕಡೆ ಮಾಡಿದ.

43ರ ಕಾಯಿಲ್ ಸಿಕ್ಕಿತು, ಒಂದು ತಿಂಗಳು ನಡೆಯಿತು. ಆಮೇಲೆ ಐದು ವಾರ ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟೆ, ಕಾರ್ಬೋರೇಟರ್ ಕೈ ಕೊಟ್ಟಿತು. ಇದನ್ನು ಯಾವ ಮಷಿನ್ ಇಟ್ಟವರೂ ನೆನಪಿಡಿ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೆಂದೇ ಮಾಡದ ರಬ್ಬರ್ ಪೈಪು, ಕಾರ್ಬೋರೇಟರ್ ಒಳಗಿನ ತೆಳು ಡಯಾಫ್ರಮ್ ಕೆಡುತ್ತವೆ. ನಮ್ಮದರ ಟ್ಯಾಂಕ್ ಒಳಗಿನ ಪೈಪ್ ಹೊರಗೆ ಎಳೆದರೆ ನೆನೆದ ಶಾವಿಗೆ ಹಾಗೆ ಕೈಗೆ ಬಂತು. ಆಯಿಲ್ ಬೆರೆಸಿದ ಪೆಟ್ರೋಲ್ ತಿಂಗಳ ಮೇಲೆ ಇಡಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡಿ.

ಅಲ್ಲಿಗೆ ರಿಪೇರಿಗೆ 2,400 ಹೋಗಿತ್ತು. ಸಾಕು ಅಂದೆ.

ಆಮೇಲೆ ಗಂಗಾವತಿಯ ಸಡ್ಡಕನ ಮಷಿನ್ ಎರಡು ದಿನಕ್ಕೆ ತಂದೆ. ಹೋಂಡಾ ಜಿಎಕ್ಸ್ 35 ಎಂಜಿನ್, 35.8 ಸಿಸಿ, ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜಿಲ್ಲ, ಆಯಿಲ್ ಹಾಕಲು ಬೇರೆ ಮುಚ್ಚಳ ಇರುತ್ತದೆ. ಫೋರ್ ಸ್ಟ್ರೋಕ್ ಅಂತ ಯಾರಾದರೂ ಮಾರಲು ಬಂದರೆ ಮೊದಲು ಆ ಮುಚ್ಚಳ ಎಲ್ಲಿದೆ ಕೇಳಿ. ಒಳಗೆ ಹಿಡಿಯುವುದು 100 ಎಂಎಲ್ ಆಯಿಲ್ ಅಷ್ಟೇ, ಅದನ್ನು ನೋಡದೆ ಓಡಿಸಿದರೆ ಎಂಜಿನ್ ಹೋಗುತ್ತದೆ. ಅದು ತಣ್ಣಗಿದ್ದಾಗಲೂ ಹತ್ತಿತು, ಕಾದು ಚಹಾ ಕುಡಿದು ಬಂದ ಮೇಲೂ ಹತ್ತಿತು. 35 ಸಿಸಿ ನಮ್ಮ ಹಿತ್ತಲಿಗೆ ಧಾರಾಳ ಆಯಿತು. ಸಿಸಿ ಹೆಚ್ಚಿದಷ್ಟೂ ಒಳ್ಳೇದು ಅಂದುಕೊಂಡಿದ್ದೆ. ಹೆಚ್ಚಿದ್ದು ತೂಕ ಮತ್ತು ಅದುರು ಮಾತ್ರ. ಬೆಲೆ ಅಂತೂ ನಾನು ಕೊಟ್ಟದ್ದರ ಮೂರು ಪಟ್ಟು, ಅದಕ್ಕೇ ಇನ್ನೂ ತಗೊಂಡಿಲ್ಲ. ಬರೀ ಮನೆ ಅಂಗಳ ಇದ್ದವರಿಗೆ ಕರೆಂಟಿನದೇ ಸಾಕು, ಪೆಟ್ರೋಲಿನ ಸಹವಾಸವೇ ಬೇಡ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಮನೆಗೆ ಒಯ್ಯುವ ಮಷಿನ್ನೇ ಬಿಚ್ಚಿಸಿ. ತಣ್ಣಗಿರುವಾಗ ನೀವೇ ಜಗ್ಗಿ, ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಐದು ನಿಮಿಷ ಮಾತಾಡಿ, ಮತ್ತೆ ಜಗ್ಗಿ. ಈ ಎರಡನೇ ಜಗ್ಗು ಬಹಳ ಮುಖ್ಯ. ಆಮೇಲೆ ಕಾಯಿಲ್, ಕಾರ್ಬೋರೇಟರ್ ಕಿಟ್, ಸ್ಟಾರ್ಟರ್ ಸ್ಪ್ರಿಂಗ್ ಈ ಮೂರನ್ನು ಇವತ್ತೇ ಕೊಡ್ತೀರಾ ಕೇಳಿ. ತೆಗೆದು ತೋರಿಸಿದರೆ ಸರಿ, "ತರಿಸಿ ಕೊಡ್ತೀವಿ" ಅಂದರೆ ಎದ್ದು ಬನ್ನಿ. ಹೊಲ ಇದ್ದವರು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಕೃಷಿ ಯಾಂತ್ರೀಕರಣದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೂ ಸಹಾಯಧನ ಇದೆ, ಸಾಮಾನ್ಯ ವರ್ಗಕ್ಕೆ ನೂರಕ್ಕೆ 50, ಪರಿಶಿಷ್ಟರಿಗೆ 90. ಅವ್ವನ ಹೆಸರಲ್ಲೇ ಪಹಣಿ ಇತ್ತು, ನಾನು ಕೇಳಲೇ ಇಲ್ಲ.

ಇನ್ನೊಂದು: ಕಾಂಗ್ರೆಸ್ ಕಸಕ್ಕೆ ಮಷಿನ್‌ಗೆ ಬ್ಲೇಡ್ ಬದಲು ನೈಲಾನ್ ದಾರ ಹಾಕಿ ಹೊಡೆದರೆ ರಸ, ಪುಡಿ ಮೈಮೇಲೆ ಸಿಡಿದು ತುರಿಕೆ ಹತ್ತುತ್ತದೆ, ತುಂಬು ತೋಳಿನ ಅಂಗಿ, ಕನ್ನಡಕ ಬೇಕೇ ಬೇಕು. ಬುಡದಿಂದ ಮತ್ತೆ ಚಿಗುರುತ್ತದೆ ಕೂಡ. ಹೂ ಬಿಡುವ ಮುಂಚೆ, ನೆಲ ಹಸಿ ಇದ್ದಾಗ ಕಿತ್ತರೇ ಅದಕ್ಕೆ ಮದ್ದು.

ದುಡ್ಡಿನ ವಿಷಯ. ವಾರಂಟಿ ಕಾರ್ಡಿನ ನಂಬರ್ ಮೊದಲ ವಾರದಿಂದಲೇ ಸ್ವಿಚ್ ಆಫ್. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, 5 ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಫೋನಿನಲ್ಲಿ ಹುಡುಗಿ ಬಹಳ ಸಮಾಧಾನದಿಂದ ಕೇಳಿಸಿಕೊಂಡಳು. ಕೊನೆಗೆ, "ಸರ್, ಮಾರಿದವರ ಹೆಸರು, ಬಿಲ್ ನಂಬರ್ ಹೇಳಿ" ಅಂದಳು. ಪಾಕೀಟಿನಿಂದ ಅವನು ಕೊಟ್ಟ ಚೀಟಿ ತೆಗೆದೆ. ಸಿಗರೇಟ್ ಪ್ಯಾಕಿನ ಹಿಂಬದಿ, ಬಾಲ್‌ಪೆನ್ನಿನಲ್ಲಿ "52 ಸಿಸಿ, 9500, ಪೇಡ್" ಅಂತಷ್ಟೇ ಬರೆದಿತ್ತು.