ಹಳೆಯ ಬೆಂಜ್‌ನ ಮುಂಚಕ್ರದ ಸದ್ದು: ಜೆ.ಸಿ. ರಸ್ತೆಯ ಬಳಿಯ ಒಂದು ಗ್ಯಾರೇಜಿನ ವಿಮರ್ಶೆ

ಡಬ್ಲ್ಯು 123 ಸರಣಿಯ ಮರ್ಸಿಡಿಸ್ ಬೆಂಜ್ 240 ಡಿ ಕಾರನ್ನು ಇಟ್ಟುಕೊಂಡವರಿಗೆ ಬೆಂಗಳೂರಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವವರು ಇಂದಿಗೂ ಸಿಗುತ್ತಾರೆ. ಆದರೆ ಒಂದು ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಬಿಚ್ಚುವ ಮೊದಲೇ ನಿರ್ಧರಿಸಿ ಹೇಳುವವರು ಅಪರೂಪ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಹೆಚ್ಚು ದೂರವಿಲ್ಲದ ಗಲ್ಲಿಯೊಂದರಲ್ಲಿ ಅಂಥ ಒಂದು ಗ್ಯಾರೇಜಿದೆ. ಈಗಿರುವ ಕೆಲಸವೇ ಕೈತುಂಬ ಇರುವುದರಿಂದ ಹೆಸರನ್ನು ಹಾಕಬೇಡಿ ಎಂದು ಮೇಸ್ತ್ರಿಗಳು ಕೇಳಿಕೊಂಡಿದ್ದಾರೆ. ಆದ್ದರಿಂದ ಅಲ್ಲಿ ಕೆಲಸ ನಡೆಯುವ ರೀತಿಯನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಾರಿನ ಮುಂಭಾಗದಿಂದ, ವೇಗ 40 ಕಿಲೋಮೀಟರ್ ದಾಟಿದೊಡನೆ, ರಾಗಿ ಬೀಸುವ ಕಲ್ಲಿನಂಥ ಒಂದು ಸದ್ದು ಶುರುವಾಗಿ, ವೇಗ ಹೆಚ್ಚಿದಂತೆ ಏರುತ್ತಿತ್ತು. ಮೊದಲು ತೋರಿಸಿದ ಬೇರೊಂದು ವರ್ಕ್‌ಶಾಪಿನಲ್ಲಿ ಕಾರನ್ನು ಓಡಿಸಿಯೂ ನೋಡದೆ, ನಾಲ್ಕೂ ಟೈರು, ಎರಡೂ ಕಡೆಯ ಬೇರಿಂಗು, ಮುಂದಿನ ಶಾಕ್ ಅಬ್ಸಾರ್ಬರುಗಳು ಎಲ್ಲವನ್ನೂ ಬದಲಾಯಿಸಬೇಕೆಂದು ಅಂದಾಜು ಪಟ್ಟಿ ಬರೆದುಕೊಟ್ಟಿದ್ದರು. ಈ ಗ್ಯಾರೇಜಿನಲ್ಲಿ ಆ ಪಟ್ಟಿಯನ್ನು ತೋರಿಸಿದಾಗ ಮೇಸ್ತ್ರಿಗಳು ಅದನ್ನು ಮಡಿಸಿ ಹಿಂದಕ್ಕೆ ಕೊಟ್ಟು, "ಮೊದಲು ಕೇಳಿಸಿಕೊಳ್ಳೋಣ ಸಾರ್, ಬಿಚ್ಚೋದು ಆಮೇಲೆ" ಎಂದರು.

ಪರೀಕ್ಷೆಗೆ ಅವರು ಆರಿಸಿಕೊಂಡ ದಾರಿಯಲ್ಲಿ ಡಾಂಬರು ಮುಗಿದು ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟು ಆರಂಭವಾಗುತ್ತದೆ. ಟೈರಿನ ಸದ್ದಾದರೆ ರಸ್ತೆಯ ಮೈ ಬದಲಾದ ಕೂಡಲೇ ಅದರ ದನಿಯೂ ಬದಲಾಗಬೇಕು. ಬೇರಿಂಗಿನ ಸದ್ದಿಗೆ ರಸ್ತೆ ಯಾವುದಾದರೂ ಒಂದೇ. ನಮ್ಮ ಸದ್ದು ಬದಲಾಗಲಿಲ್ಲ. ಡೀಸೆಲ್ ಎಂಜಿನ್ನಿನ ಗದ್ದಲದಿಂದ ಅದನ್ನು ಬೇರ್ಪಡಿಸಲು ಗೇರನ್ನು ನ್ಯೂಟ್ರಲ್‌ಗೆ ತಂದು ಕಾರನ್ನು ತಾನಾಗಿ ಉರುಳಲು ಬಿಟ್ಟರು, ಎಂಜಿನ್ನನ್ನು ಮಾತ್ರ ಆರಿಸಲಿಲ್ಲ. ಆರಿಸಿದರೆ ಸ್ಟೀರಿಂಗು, ಬ್ರೇಕುಗಳಿಗೆ ಸಿಗುವ ನೆರವು ತಪ್ಪುತ್ತದೆ. ಬ್ರೇಕನ್ನು ಮೆಲ್ಲಗೆ ಒತ್ತಿದಾಗಲೂ ವ್ಯತ್ಯಾಸ ಕಾಣದ್ದರಿಂದ ಪ್ಯಾಡುಗಳ ಮೇಲಿನ ಅನುಮಾನ ಹೋಯಿತು. ಹಿಂದಿನ ಚಕ್ರಗಳು ತಿರುಗಿಸುವ ಕಾರು ಇದಾದ್ದರಿಂದ ಮುಂದೆ ಆಕ್ಸಲ್ ಜಾಯಿಂಟುಗಳ ಪ್ರಶ್ನೆಯೇ ಇಲ್ಲ. ಎಡಕ್ಕೆ ಉದ್ದನೆಯ ತಿರುವು ತೆಗೆದುಕೊಂಡಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾಯಿತು, ಬಲಕ್ಕೆ ತಿರುಗಿದಾಗ ಬಹುಪಾಲು ಅಡಗಿತು. ಹೀಗೆ ಒಂದು ಸ್ಪ್ಯಾನರನ್ನೂ ಮುಟ್ಟದೆ ಬಲ ಮುಂಚಕ್ರದ ಬೇರಿಂಗು ಎಂಬ ತೀರ್ಮಾನಕ್ಕೆ ಬಂದರು.

ಗ್ಯಾರೇಜಿಗೆ ಮರಳಿ ಜಾಕ್ ಹಾಕಿದ ಮೇಲೂ ಅವಸರ ಮಾಡಲಿಲ್ಲ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ತುಸು ಆಟ, ಅಂದರೆ ಸಡಿಲಿಕೆ, ಕಂಡಿತು. ಹುಡುಗನೊಬ್ಬನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿದರು. ಬ್ರೇಕ್ ಹಿಡಿದಾಗ ಚಕ್ರದೊಡನೆ ತಿರುಗುವ ಹಬ್ಬೂ ಅದನ್ನು ಹೊತ್ತಿರುವ ನಕಲ್ಲೂ ಒಂದಾಗುವುದರಿಂದ, ಆಟ ಮಾಯವಾದರೆ ಬೇರಿಂಗು, ಉಳಿದರೆ ನಕಲ್ಲನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟು ಎಂದು ತಿಳಿಯಬೇಕು. ನಮ್ಮದರಲ್ಲಿ ಮಾಯವಾಯಿತು. ಬಳಿಕ ಒಂದು ಅಂಗೈಯನ್ನು ಕಾಯಿಲ್ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿದರು, ನನ್ನ ಕೈಯನ್ನೂ ಇಡಿಸಿದರು. ಕಿವಿಗೆ ಏನೂ ಕೇಳಿಸದಷ್ಟು ನಿಧಾನವಾಗಿ ತಿರುಗುತ್ತಿದ್ದರೂ ಸ್ಪ್ರಿಂಗಿನಲ್ಲಿ ಸಣ್ಣ ಮರಳಿನಂಥ ನಡುಕ ಸ್ಪಷ್ಟವಾಗಿ ತಿಳಿಯುತ್ತಿತ್ತು. ಎಡಗಡೆ ಅದು ಇರಲಿಲ್ಲ.

ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ಬಿಚ್ಚಿ, ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಿಂದ ಕಟ್ಟಿದ ಮೇಲೆ ಹಬ್ಬಿನ ತುದಿಯ ಗ್ರೀಸ್ ಕ್ಯಾಪ್ ತೆಗೆದರು. ಈ ಮಾದರಿಯಲ್ಲಿ ಕ್ಯಾಪಿನೊಳಗೆ ಚಿಕ್ಕದೊಂದು ಸ್ಪ್ರಿಂಗ್ ತುಂಡಿರುತ್ತದೆ. ತಿರುಗುವ ಚಕ್ರದಲ್ಲಿ ಹುಟ್ಟುವ ವಿದ್ಯುತ್ತು ರೇಡಿಯೋದಲ್ಲಿ ಗರಗರ ಎನ್ನಿಸದಿರಲೆಂದು ಇಟ್ಟಿರುವುದು ಅದು. ಅನೇಕ ಕಡೆ ಅದನ್ನು ಕಸವೆಂದು ಎಸೆಯುತ್ತಾರೆ. ಇವರು ಒರೆಸಿ, ತಟ್ಟೆಯಲ್ಲಿ ಬೇರೆಯಾಗಿಟ್ಟು, ಕೊನೆಯಲ್ಲಿ ಮರಳಿ ಕೂರಿಸಿದರು. ಅಷ್ಟರಲ್ಲೇ ನನಗೆ ಅರ್ಧ ನೆಮ್ಮದಿಯಾಯಿತು. ಒಳಗಿನ ಗ್ರೀಸು ಕಪ್ಪಾಗಿ ಸುಟ್ಟ ವಾಸನೆ ಬರುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದ ಬೇರಿಂಗನ್ನು ಬೆಳಕಿಗೆ ಹಿಡಿದಾಗ ಒಳ ರೇಸಿನ (ರೋಲರುಗಳು ಉರುಳುವ ಒಳ ಬಳೆಯ) ಒಂದೇ ಬದಿಯಲ್ಲಿ, ಹೆಚ್ಚೆಂದರೆ ಉಗುರಿನಗಲದ ಜಾಗದಲ್ಲಿ, ಲೋಹ ಹಕ್ಕಳೆಯಾಗಿ ಎದ್ದಿತ್ತು. ಬೇರಿಂಗು ಕೂರುವ ಸರಳಾದ ಸ್ಪಿಂಡಲ್ ಸ್ಥಿರವಾಗಿದ್ದು ಹಬ್ಬು ಮಾತ್ರ ತಿರುಗುವ ಕಾರಣ ಒಳ ರೇಸಿನ ಕೆಳಬದಿಯೇ ಸದಾ ಭಾರ ಹೊರುತ್ತದೆ, ಹಾಗಾಗಿ ಮೊದಲು ಸವೆಯುವುದೂ ಅದೇ. ಹಿಂದೆ ಯಾರೋ ನಟ್ಟನ್ನು ಅತಿಯಾಗಿ ಬಿಗಿದು, ಬೇರಿಂಗು ಬಿಸಿಯಾಗಿ ಗ್ರೀಸು ಕೆಟ್ಟಿರಬೇಕೆಂಬುದು ಅವರ ಊಹೆ. ಆ ಗ್ರೀಸನ್ನು ನೋಡಿದ ಮೇಲೆ ನಾನೂ ಅದನ್ನು ಒಪ್ಪುತ್ತೇನೆ.

ನಿಜವಾದ ಕೈಚಳಕ ಕಂಡದ್ದು ಜೋಡಿಸುವಾಗ. ಹೊರ ರೇಸುಗಳನ್ನು ಹಿತ್ತಾಳೆಯ ಸರಳಿನಿಂದ ಸುತ್ತಲೂ ಸಮನಾಗಿ ತಟ್ಟಿ ಇಳಿಸಿದರು. ಗ್ರೀಸನ್ನು ಮೇಲೆ ಬಳಿಯದೆ, ಅಂಗೈಯಲ್ಲಿಟ್ಟು ಒತ್ತಿ ರೋಲರುಗಳ ನಡುವೆ ತುಂಬಿದರು, ಹೊಸ ಆಯಿಲ್ ಸೀಲನ್ನೇ ಹಾಕಿದರು. ಬಳಿಕ ಹಬ್ಬನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು, ಮೂರನೇ ಒಂದು ಸುತ್ತಿನಷ್ಟು ಸಡಿಲಿಸಿ, ಸ್ಪಿಂಡಲ್ ತುದಿಗೆ ಸಣ್ಣ ಏಟು ಕೊಟ್ಟು, ಡಯಲ್ ಗೇಜ್ ಇಟ್ಟು ಅಳೆದರು. ಈ ಕಾರಿಗೆ ಇರಬೇಕಾದ ಆಟ 0.01ರಿಂದ 0.02 ಮಿಲಿಮೀಟರ್ ಮಾತ್ರ. "ಕೈಯಂದಾಜು" ಎಂದು ಎದೆತಟ್ಟಿಕೊಳ್ಳುವವರು ಈ ಅಳತೆಯಲ್ಲೇ ಸೋಲುತ್ತಾರೆ. ನಟ್ಟಿನ ಅಲೆನ್ ಸ್ಕ್ರೂ ಬಿಗಿದಾಗ ಆಟ ಬದಲಾಗಬಹುದೆಂದು ಅದಾದ ಮೇಲೆ ಮತ್ತೊಮ್ಮೆ ಅಳೆದರು. ಎಡ ಚಕ್ರಕ್ಕೆ ಹೊಸ ಬೇರಿಂಗು ಬೇಡವೆಂದು, ತೊಳೆದು ಗ್ರೀಸ್ ತುಂಬಿ ಅದೇ ಅಳತೆಗೆ ಕೂರಿಸಿದರು. ಎರಡೂ ಕಡೆ ಬದಲಾಯಿಸಿದ್ದರೆ ಅವರಿಗೇ ಲಾಭವಿತ್ತು.

ಕೊರತೆಗಳೂ ಇವೆ. ನಾನು ಕಡಿಮೆ ಬೆಲೆಗೆ ತಂದಿದ್ದ ಬೇರಿಂಗಿನ ಪೆಟ್ಟಿಗೆಯ ಅಚ್ಚು ಸರಿಯಿಲ್ಲವೆಂದು ಅದನ್ನು ಹಾಕಲು ಒಪ್ಪಲಿಲ್ಲ. ಹೆಸರಾಂತ ಕಂಪನಿಗಳ ನಕಲಿ ಬೇರಿಂಗುಗಳು ಓಡಾಡುವುದು ನಿಜವೇ ಆದ್ದರಿಂದ ಅದು ಸರಿಯಾದ ನಿರ್ಧಾರವೇ, ಆದರೆ ಅವರು ನಂಬುವ ಅಂಗಡಿಯಿಂದ ಮಾಲು ಬರುವವರೆಗೆ ಕಾರು ಗಲ್ಲಿಯಲ್ಲೇ ನಿಂತಿತ್ತು, ಧೂಳಿಗೆ ಹೊದಿಕೆಯೂ ಇರಲಿಲ್ಲ. ಫೋನ್ ಎತ್ತುವುದಿಲ್ಲ. ಬಿಲ್ಲು ಕೈಬರಹದ್ದು, ಅದರಲ್ಲಿ ಬೇರಿಂಗಿನ ನಂಬರನ್ನು ನಾನು ಕೇಳಿದ ಮೇಲೆಯೇ ಬರೆದರು. ವಾರಂಟಿ ಎಂಬುದು ಬಾಯಿಮಾತು. ಕೂಲಿ ಮಾತ್ರ ಹಿಂದಿನ ಅಂದಾಜು ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕಕ್ಕೇ ಇಲ್ಲ, ಪರೀಕ್ಷೆಯ ಓಟಕ್ಕೆ ಬೇರೆ ಹಣ ಕೇಳಲಿಲ್ಲ. ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದೆ, ಏಕೆಂದರೆ ನನ್ನ ದುಡ್ಡು ಉಳಿದದ್ದು ಆ ಓಟದಿಂದಲೇ.

ಸದ್ದು ಪೂರ್ತಿ ಹೋಗಿದೆ. ನಿಧಾನ ವೇಗದಲ್ಲಿ ಟಿಕ್ ಟಿಕ್ ಎನ್ನುವ ಇನ್ನೊಂದು ಸದ್ದು ಈಗ ಕೇಳಿಸತೊಡಗಿದ್ದು, ಅದು ಚಕ್ರದ ಹೊರ ಮುಚ್ಚಳದ್ದೆಂದು ಮೇಸ್ತ್ರಿಗಳು ಕೈಯಿಂದ ಒತ್ತಿ ತೋರಿಸಿದರು.

1976ರಿಂದ 1986ರವರೆಗೆ ಸುಮಾರು 27 ಲಕ್ಷದಷ್ಟು ತಯಾರಾದ ಸರಣಿ ಇದಾದ್ದರಿಂದ ಬೇರಿಂಗು, ಸೀಲುಗಳು ಇನ್ನೂ ಸಿಗುತ್ತವೆ. ಅಲ್ಲಿಗೆ ಹೋಗುವವರು ಚಾಸಿ ನಂಬರನ್ನು ಬರೆದುಕೊಂಡು ಹೋದರೆ ಮಾಲು ತರಿಸುವುದು ಬೇಗ ಆಗುತ್ತದೆ. ರಸ್ತೆ ತುಂಬುವ ಮೊದಲೇ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗುವುದು ಒಳ್ಳೆಯದು. ಹತ್ತು ಗಂಟೆಯ ಟ್ರಾಫಿಕ್ಕಿನಲ್ಲಿ 40 ಕಿಲೋಮೀಟರ್ ವೇಗ ಸಿಗದು, ಸದ್ದು ಕೇಳಿಸದಿದ್ದರೆ ಅವರು ಚಕ್ರ ಬಿಚ್ಚುವುದಿಲ್ಲ.